ಹೋಮ್ ಅಸಿಸ್ಟೆಂಟ್‌ನಲ್ಲಿ ದೀಪಗಳ ಲಿಸ್ಟ್ ತಪ್ಪು ಬರ್ತಿದೆಯಾ? ತೊಂದರೆ ಎಲ್ಲಿದೆ ಅಂತ ಹೀಗೆ ಹುಡುಕಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ರಾತ್ರಿ ಕರೆಂಟ್ ಹೋಗಿ ಬಂತು ಅಂದರೆ ಹಲವು ಸ್ಮಾರ್ಟ್ ಬಲ್ಬ್‌ಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ದೇವರ ಕೋಣೆಯ ದೀಪ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಆರಿಸಬೇಕು. ಅದಕ್ಕೆ ಮನೆಯ ಸ್ಮಾರ್ಟ್ ವಸ್ತುಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಟೆಂಪ್ಲೇಟ್, ಅಂದರೆ ಬೇಕಾದ ದೀಪಗಳನ್ನು ಲೆಕ್ಕ ಹಾಕಿ ಕೊಡುವ ಕೋಡ್ ಸಾಲು, ಬರೆಯುತ್ತಾರೆ. ಆದರೆ ಲಿಸ್ಟ್ ಖಾಲಿ ಬರುತ್ತದೆ, ಇಲ್ಲವೇ ಮನೆಯಲ್ಲಿರುವ ಬಲ್ಬ್‌ಗಿಂತ ಎಣಿಕೆ ಜಾಸ್ತಿ ಬರುತ್ತದೆ, ಇಲ್ಲವೇ ನೇರ ಎರರ್ ಬರುತ್ತದೆ.

ಈ ಮೂರಕ್ಕೂ ಕಾರಣ ಬೇರೆ ಬೇರೆ. ಹುಡುಕುವ ದಾರಿ ಮಾತ್ರ ಒಂದೇ. ಉದ್ದದ ಸಾಲನ್ನು ಒಂದೇ ಸಲ ಬರೆಯಬೇಡಿ. ಒಂದೊಂದೇ ತುಂಡು ಸೇರಿಸಿ, ಪ್ರತಿ ತುಂಡಿನ ನಂತರ ಕೈಯಲ್ಲಿ ಏನು ಉಳಿದಿದೆ ಅಂತ ಕಣ್ಣಿಂದ ನೋಡಿ.

ಶುರು ಮಾಡುವ ಮೊದಲು

ಬೇಕಾದದ್ದು ಹೆಚ್ಚೇನಿಲ್ಲ. ಅಡ್ಮಿನ್ ಹಕ್ಕಿರುವ ಲಾಗಿನ್ ಇರಲಿ. ಫೋನಿಗಿಂತ ಕಂಪ್ಯೂಟರ್ ಒಳ್ಳೆಯದು. ಡೆವಲಪರ್ ಟೂಲ್ಸ್ ತೆರೆಯಿರಿ. ನಿಮ್ಮ ಆವೃತ್ತಿಗೆ ತಕ್ಕಂತೆ ಅದು ಎಡಗಡೆಯ ಪಟ್ಟಿಯಲ್ಲೋ ಸೆಟ್ಟಿಂಗ್ಸ್ ಒಳಗೋ ಇರುತ್ತದೆ. ಅದರಲ್ಲಿ ನಮಗೆ ಬೇಕಾದ ಟ್ಯಾಬ್ ಎರಡು. 'ಟೆಂಪ್ಲೇಟ್' ಟ್ಯಾಬ್‌ನಲ್ಲಿ ಒಂದು ಕಡೆ ಬರೆದರೆ ಇನ್ನೊಂದು ಕಡೆ ಉತ್ತರ ಕೂಡಲೇ ಕಾಣುತ್ತದೆ. 'ಸ್ಟೇಟ್ಸ್' ಟ್ಯಾಬ್‌ನಲ್ಲಿ ಪ್ರತಿ ದೀಪದ ನಿಜವಾದ ಮಾಹಿತಿ ಇರುತ್ತದೆ. ಟೆಂಪ್ಲೇಟ್ ಟ್ಯಾಬ್‌ನಲ್ಲಿ ಬರೆದದ್ದರಿಂದ ಮನೆಯ ಯಾವ ದೀಪವೂ ಆರುವುದಿಲ್ಲ, ಹೊತ್ತುವುದಿಲ್ಲ. ಧೈರ್ಯವಾಗಿ ಪ್ರಯೋಗ ಮಾಡಿ.

ಕೆಲವು ಪದಗಳು ಮೊದಲೇ ಗೊತ್ತಿರಲಿ. ಎಂಟಿಟಿ ಅಂದರೆ ಸಿಸ್ಟಮ್‌ನಲ್ಲಿ ದಾಖಲಾದ ಒಂದು ವಸ್ತು, ಉದಾಹರಣೆಗೆ ಪಡಸಾಲೆಯ ಬಲ್ಬ್. ಎಂಟಿಟಿ ಐಡಿ ಅದರ ಗುರುತಿನ ಹೆಸರು. ಐಡಿಯಲ್ಲಿ ಚುಕ್ಕೆಗಿಂತ ಮೊದಲು ಬರುವ ಭಾಗ ಡೊಮೇನ್, ಅಂದರೆ ಜಾತಿ: ಲೈಟ್, ಸ್ವಿಚ್, ಫ್ಯಾನ್, ಹೀಗೆ. ಸ್ಟೇಟ್ ಅಂದರೆ ಈಗಿನ ಸ್ಥಿತಿ. ಅಟ್ರಿಬ್ಯೂಟ್ ಅಂದರೆ ಅದರ ಜೊತೆಗಿರುವ ಹೆಚ್ಚಿನ ವಿವರ, ಬೆಳಕಿನ ಮಟ್ಟ, ಬಣ್ಣ ಇತ್ಯಾದಿ. ಈ ಟೆಂಪ್ಲೇಟ್‌ಗಳು ನಡೆಯುವುದು ಜಿಂಜಾ ಎಂಬ ಭಾಷೆಯಲ್ಲಿ. ಅದರಲ್ಲಿ ನಿಂತ ಗೆರೆಗೆ ಪೈಪ್ ಅಂತಾರೆ. ಎಡಗಡೆಯ ಫಲವನ್ನು ಬಲಗಡೆಯ ಫಿಲ್ಟರ್‌ಗೆ, ಅಂದರೆ ಅದನ್ನು ಸೋಸುವ ಇಲ್ಲವೇ ಬದಲಿಸುವ ತುಂಡಿಗೆ, ದಾಟಿಸುವುದು ಅದರ ಕೆಲಸ.

ಒಂದು ಮುಖ್ಯ ಸೂಚನೆ. ಕೆಳಗಿನ ಸಾಲುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ, ನೀವೇ ಇಟ್ಟ ಏರಿಯಾ (ಕೋಣೆ), ಲೇಬಲ್ ಹೆಸರುಗಳನ್ನು ಬಿಟ್ಟು ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಇರಬೇಕು. 'ಸೆಲೆಕ್ಟ್‌ಆಟ್ರ್' ಅಂದರೆ ಸೆಲೆಕ್ಟ್ ಪದಕ್ಕೆ ಎ-ಟಿ-ಟಿ-ಆರ್ ಅಂಟಿಸಿದ ಒಂದೇ ಪದ, ನಡುವೆ ಜಾಗ ಇಲ್ಲ. 'ರಿಜೆಕ್ಟ್‌ಆಟ್ರ್' ಕೂಡ ಹಾಗೇ. 'ಇಕ್ಯೂ' ಅಂದರೆ ಇ-ಕ್ಯೂ, ಸಮ ಎಂಬ ಅರ್ಥ. 'ಜಿಟಿ' ಅಂದರೆ ಜಿ-ಟಿ, ಹೆಚ್ಚು ಎಂಬ ಅರ್ಥ. ಪ್ರತಿ ಸಾಲನ್ನೂ ಎರಡೆರಡು ಕರ್ಲಿ ಬ್ರಾಕೆಟ್ ಒಳಗೆ ಇಡಬೇಕು.

1. ಮೊದಲು ಫಿಲ್ಟರ್ ಇಲ್ಲದ ಲಿಸ್ಟ್ ನೋಡಿ

ಟೆಂಪ್ಲೇಟ್ ಟ್ಯಾಬ್‌ನಲ್ಲಿ ಇದನ್ನು ಹಾಕಿ:

ಸ್ಟೇಟ್ಸ್.ಲೈಟ್ | ಮ್ಯಾಪ್(ಆಟ್ರಿಬ್ಯೂಟ್='ಎಂಟಿಟಿ_ಐಡಿ') | ಲಿಸ್ಟ್

ಲೈಟ್ ಜಾತಿಯ ಎಲ್ಲವೂ ಬರುತ್ತವೆ. ಮನೆಯ ಪ್ರತಿ ದೀಪ ಇದರಲ್ಲಿ ಇದೆಯಾ ಅಂತ ಒಂದೊಂದಾಗಿ ಹೊಂದಿಸಿ ನೋಡಿ. ಇಲ್ಲೇ ಇಲ್ಲದ ದೀಪ ಮುಂದಿನ ಯಾವ ಫಿಲ್ಟರ್‌ನಿಂದಲೂ ಹುಟ್ಟಿ ಬರುವುದಿಲ್ಲ.

ನಮ್ಮ ಮನೆಗಳಲ್ಲಿ ಇಲ್ಲೇ ತುಂಬಾ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಬಲ್ಬ್ ಸಾದಾ ಎಲ್‌ಇಡಿ ಆಗಿರುತ್ತದೆ, ಸ್ಮಾರ್ಟ್ ಆಗಿರುವುದು ಗೋಡೆಯ ಸ್ವಿಚ್ ಬೋರ್ಡ್ ಹಿಂದೆ ಕೂರಿಸಿದ ರಿಲೇ ಮಾಡ್ಯೂಲ್. ಅಂಥ ಮಾಡ್ಯೂಲ್ ಹೆಚ್ಚಾಗಿ ಸ್ವಿಚ್ ಜಾತಿಗೆ ಸೇರುತ್ತದೆ. ಶರಣಬಸವೇಶ್ವರ ಜಾತ್ರೆಗೆ ಮನೆ ಮುಂದೆ ಲೈಟಿನ ಸರ ಹಾಕಿ ಸ್ಮಾರ್ಟ್ ಪ್ಲಗ್‌ಗೆ ಚುಚ್ಚಿದರೂ ಅದೇ ಕಥೆ. ನಮ್ಮ ಕಣ್ಣಿಗೆ ಅದು ದೀಪ, ಸಿಸ್ಟಮ್‌ಗೆ ಅದು ಸ್ವಿಚ್.

ಪರಿಹಾರ ಸುಲಭ. ಆ ಎಂಟಿಟಿಯ ಸೆಟ್ಟಿಂಗ್ಸ್ ತೆರೆದು 'ಶೋ ಆ್ಯಸ್' ಎಂಬಲ್ಲಿ ಲೈಟ್ ಆರಿಸಿ. ಲೈಟ್ ಜಾತಿಯ ಹೊಸ ಎಂಟಿಟಿ ಹುಟ್ಟುತ್ತದೆ, ಹಳೆಯ ಸ್ವಿಚ್ ಕಣ್ಮರೆಯಾಗಿ ಹಿಂದೆ ಉಳಿಯುತ್ತದೆ. ಟೆಂಪ್ಲೇಟ್ ಒಳಗೆ ಎರಡು ಜಾತಿಗಳನ್ನು ಕೂಡಿಸುವುದಕ್ಕಿಂತ ಈ ದಾರಿಯೇ ಮೇಲು. ಕೂಡಿಸಲೇಬೇಕು ಅಂದರೆ ಎರಡಕ್ಕೂ ಬೇರೆ ಬೇರೆ 'ಲಿಸ್ಟ್' ಹಾಕಿ, ಕೂಡಿಸಿದ್ದನ್ನು ಆವರಣದೊಳಗೆ ಇಟ್ಟು, ಆಮೇಲೆ ಮುಂದಿನ ಪೈಪ್ ಹಾಕಿ. ಆವರಣ ಬಿಟ್ಟರೆ ಪೈಪ್ ಎರಡನೆಯ ಲಿಸ್ಟ್‌ಗೆ ಮಾತ್ರ ಅಂಟಿಕೊಳ್ಳುತ್ತದೆ.

2. ಆನ್ ಇರುವವನ್ನು ಮಾತ್ರ ಆರಿಸಿ

ಸ್ಟೇಟ್ಸ್.ಲೈಟ್ | ಸೆಲೆಕ್ಟ್‌ಆಟ್ರ್('ಸ್ಟೇಟ್', 'ಇಕ್ಯೂ', 'ಆನ್') | ಮ್ಯಾಪ್(ಆಟ್ರಿಬ್ಯೂಟ್='ಎಂಟಿಟಿ_ಐಡಿ') | ಲಿಸ್ಟ್

ಸ್ಟೇಟ್ ಎಂಬ ವಿವರ ಆನ್‌ಗೆ ಸಮನಾಗಿರುವ ದೀಪಗಳನ್ನು ಉಳಿಸಿಕೋ, ಅವುಗಳ ಐಡಿ ಮಾತ್ರ ತೆಗೆ, ಲಿಸ್ಟ್ ಮಾಡು. ಇಷ್ಟೇ ಇದರ ಅರ್ಥ.

ಇಲ್ಲಿ ಖಾಲಿ ಬಂದರೆ ಮೂರು ಕಡೆ ನೋಡಿ. 'ಆನ್' ಪದಕ್ಕೆ ಕೊಟೇಶನ್ ಗುರುತು ಇದೆಯಾ? ಇಲ್ಲದಿದ್ದರೆ ಜಿಂಜಾ ಅದನ್ನು ಒಂದು ವೇರಿಯಬಲ್, ಅಂದರೆ ಬೆಲೆ ಇಟ್ಟುಕೊಳ್ಳುವ ಹೆಸರು, ಅಂದುಕೊಳ್ಳುತ್ತದೆ. ಮೊದಲ ಅಕ್ಷರ ದೊಡ್ಡದಾಗಿದೆಯಾ? ಪರದೆ ಮೇಲೆ ದೊಡ್ಡಕ್ಷರದಲ್ಲೋ ಬೇರೆ ಭಾಷೆಯಲ್ಲೋ ಕಂಡರೂ ಒಳಗಿನ ಸ್ಟೇಟ್ ಸಣ್ಣಕ್ಷರದ ಇಂಗ್ಲಿಷ್ ಪದವೇ. ಅಥವಾ ಟ್ರೂ ಅಂತ ಹಾಕಿದ್ದೀರಾ? ಸ್ಟೇಟ್ ಯಾವಾಗಲೂ ಪಠ್ಯ. ಅದು ಟ್ರೂ ಆಗುವುದಿಲ್ಲ, ಅಂಕಿಯೂ ಆಗುವುದಿಲ್ಲ. ಅನುಮಾನ ಬಂದರೆ ಸ್ಟೇಟ್ಸ್ ಟ್ಯಾಬ್‌ನಲ್ಲಿ ಏನಿದೆಯೋ ಅದನ್ನೇ ಕಾಪಿ ಮಾಡಿ.

ಕೊನೆಯ 'ಲಿಸ್ಟ್' ಬಿಟ್ಟರೆ ಉತ್ತರದ ಜಾಗದಲ್ಲಿ 'ಜನರೇಟರ್ ಆಬ್ಜೆಕ್ಟ್' ಎಂಬ ವಿಚಿತ್ರ ಸಾಲು ಕಾಣುತ್ತದೆ. ಜನರೇಟರ್ ಅಂದರೆ ಇನ್ನೂ ಲೆಕ್ಕ ಮಾಡದೆ ಬಾಕಿ ಇಟ್ಟ ಲಿಸ್ಟ್. ಕೊನೆಗೆ 'ಲಿಸ್ಟ್' ಹಾಕಿ, ಸರಿಯಾಗುತ್ತದೆ. ಎಣಿಸಬೇಕಾದರೆ 'ಲಿಸ್ಟ್' ಆದ ಮೇಲೆ 'ಕೌಂಟ್' ಹಾಕಿ.

3. ಕೈಯಲ್ಲಿರುವುದು ಪೂರ್ತಿ ದಾಖಲೆಯೋ, ಬರೀ ಹೆಸರೋ?

ಇದು ಈ ಲೇಖನದ ಹೃದಯ. ನಿಧಾನವಾಗಿ ಓದಿ.

'ಸ್ಟೇಟ್ಸ್.ಲೈಟ್' ಕೊಡುವುದು ಪ್ರತಿ ದೀಪದ ಪೂರ್ತಿ ದಾಖಲೆ. ಅದರಲ್ಲಿ ಸ್ಥಿತಿ, ಹೆಸರು, ಐಡಿ, ಅಟ್ರಿಬ್ಯೂಟ್ ಎಲ್ಲ ಇರುತ್ತದೆ. 'ಏರಿಯಾ_ಎಂಟಿಟೀಸ್' ಕೊಡುವುದು ಒಂದು ಕೋಣೆಯಲ್ಲಿರುವ ವಸ್ತುಗಳ ಐಡಿ ಮಾತ್ರ, ಅಂದರೆ ಬರೀ ಪಠ್ಯ. 2024.4ನೇ ಆವೃತ್ತಿಯಲ್ಲಿ ಬಂದ ಲೇಬಲ್‌ಗಳ 'ಲೇಬಲ್_ಎಂಟಿಟೀಸ್' ಕೂಡ ಬರೀ ಐಡಿಗಳನ್ನೇ ಕೊಡುತ್ತದೆ.

ಸೆಲೆಕ್ಟ್‌ಆಟ್ರ್ ಕೆಲಸ ಮಾಡಲು ಪೂರ್ತಿ ದಾಖಲೆ ಬೇಕು. ಬರೀ ಹೆಸರು ಕೊಟ್ಟು 'ಸ್ಟೇಟ್ ನೋಡು' ಅಂದರೆ ಆ ಪಠ್ಯದಲ್ಲಿ ಸ್ಟೇಟ್ ಎಂಬುದೇ ಇರುವುದಿಲ್ಲ. ಆಗ ಎರರ್ ಕೂಡ ಬರುವುದಿಲ್ಲ, ಸುಮ್ನೆ ಖಾಲಿ ಲಿಸ್ಟ್ ಬರುತ್ತದೆ. ರಿಜೆಕ್ಟ್‌ಆಟ್ರ್ ಹಾಕಿ 'ಆಫ್ ಇರುವವನ್ನು ತೆಗೆ' ಅಂದರೆ ಉಲ್ಟಾ ಆಗುತ್ತದೆ. ಒಂದೂ ಹೋಗುವುದಿಲ್ಲ, ಆರಿರುವ ದೀಪಗಳೂ ಲಿಸ್ಟ್‌ನಲ್ಲೇ ಉಳಿಯುತ್ತವೆ. ಎರರ್ ಇಲ್ಲದ ಕಾರಣ ಜನ ಬಲ್ಬ್ ಕೆಟ್ಟಿದೆ ಅಂದುಕೊಂಡು ಅದನ್ನು ತೆಗೆದು ಮತ್ತೆ ಜೋಡಿಸುತ್ತಾ ಕೂರುತ್ತಾರೆ. ಬಲ್ಬ್‌ನಲ್ಲಿ ಏನೂ ತಪ್ಪಿರುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಅನುಮಾನ ಬಂದ ಜಾಗದಲ್ಲಿ ಸಾಲನ್ನು ಕತ್ತರಿಸಿ, 'ಲಿಸ್ಟ್' ಹಾಕಿ, ಕೊನೆಗೆ 'ಫಸ್ಟ್' ಎಂಬ ಫಿಲ್ಟರ್ ಸೇರಿಸಿ. ಅದು ಮೊದಲನೆಯದನ್ನು ಮಾತ್ರ ತೋರಿಸುತ್ತದೆ. 'ಟೆಂಪ್ಲೇಟ್ ಸ್ಟೇಟ್' ಅಂತ ಶುರುವಾಗುವ ಉದ್ದ ಸಾಲು ಬಂದರೆ ಅದು ಪೂರ್ತಿ ದಾಖಲೆ. ಐಡಿ ಮಾತ್ರ ಬಂದರೆ ಅದು ಬರೀ ಹೆಸರು.

ಹೆಸರನ್ನು ದಾಖಲೆ ಮಾಡಲು 'ಎಕ್ಸ್‌ಪ್ಯಾಂಡ್' ಬಳಸಿ:

ಎಕ್ಸ್‌ಪ್ಯಾಂಡ್(ಏರಿಯಾ_ಎಂಟಿಟೀಸ್('ಪಡಸಾಲೆ')) | ಸೆಲೆಕ್ಟ್‌ಆಟ್ರ್('ಡೊಮೇನ್', 'ಇಕ್ಯೂ', 'ಲೈಟ್') | ಸೆಲೆಕ್ಟ್‌ಆಟ್ರ್('ಸ್ಟೇಟ್', 'ಇಕ್ಯೂ', 'ಆನ್') | ಮ್ಯಾಪ್(ಆಟ್ರಿಬ್ಯೂಟ್='ಎಂಟಿಟಿ_ಐಡಿ') | ಲಿಸ್ಟ್

ಡೊಮೇನ್ ಫಿಲ್ಟರ್ ಮರೆಯಬೇಡಿ. ಕೋಣೆಯ ಪಟ್ಟಿಯಲ್ಲಿ ಫ್ಯಾನ್, ಕೂಲರ್‌ನ ಪ್ಲಗ್, ಉಷ್ಣತೆಯ ಸೆನ್ಸರ್ ಎಲ್ಲ ಇರುತ್ತವೆ. ಕಲಬುರಗಿಯ ಮೇ ತಿಂಗಳಲ್ಲಿ ದೀಪದ ಜೊತೆ ಕೂಲರ್ ಕೂಡ ಆರಿದರೆ ಮನೆಯವರು ಸುಮ್ಮನಿರುವುದಿಲ್ಲ, ಅಲ್ವಾ?

ಬರೀ ಹೆಸರನ್ನೇ ಇಟ್ಟುಕೊಂಡು ಕೆಲಸ ಮುಗಿಸುವ ದಾರಿಯೂ ಇದೆ. ಐಡಿಗಳ ಲಿಸ್ಟ್ ಮೇಲೆ ಸೆಲೆಕ್ಟ್('ಈಸ್_ಸ್ಟೇಟ್', 'ಆನ್') ಹಾಕಿ. ಇದು ಸೆಲೆಕ್ಟ್, ಸೆಲೆಕ್ಟ್‌ಆಟ್ರ್ ಅಲ್ಲ. ನನಗೆ ಎಕ್ಸ್‌ಪ್ಯಾಂಡ್ ದಾರಿಯೇ ಇಷ್ಟ. ನಾಳೆ ಬೆಳಕಿನ ಮಟ್ಟವನ್ನೂ ನೋಡಬೇಕು ಅನಿಸಿದರೆ ದಾಖಲೆ ಕೈಯಲ್ಲೇ ಇರುತ್ತದೆ.

ಇದರ ಇನ್ನೊಂದು ರೂಪ: ಸಾಲಿನ ನಡುವೆಯೇ ಮ್ಯಾಪ್ ಹಾಕಿಬಿಡುವುದು. ಮ್ಯಾಪ್ ಆದ ಕ್ಷಣವೇ ದಾಖಲೆ ಹೋಗಿ ಹೆಸರು ಉಳಿಯುತ್ತದೆ. ಅದರ ನಂತರ ಬರುವ ಸೆಲೆಕ್ಟ್‌ಆಟ್ರ್ ಎಲ್ಲವೂ ವ್ಯರ್ಥ. ಮ್ಯಾಪ್ ಯಾವಾಗಲೂ ಕೊನೆಗೆ, 'ಲಿಸ್ಟ್'ಗಿಂತ ಒಂದೇ ಹೆಜ್ಜೆ ಮುಂಚೆ ಇರಲಿ.

ಏರಿಯಾ ಹೆಸರು ತಪ್ಪಿದ್ದರೂ ಖಾಲಿಯೇ ಬರುತ್ತದೆ. ಏರಿಯಾ_ಐಡಿ('ಪಡಸಾಲೆ') ಅಂತ ಒಂದು ಸಾಲು ಹಾಕಿ ನೋಡಿ. 'ನನ್' (ಎನ್-ಒ-ಎನ್-ಇ, ಏನೂ ಇಲ್ಲ ಎಂಬ ಅರ್ಥ) ಅಂತ ಬಂದರೆ ಆ ಹೆಸರಿನ ಏರಿಯಾ ಇಲ್ಲ. ಏರಿಯಾಗೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಕನ್ನಡದಲ್ಲೇ, ಇಂಗ್ಲಿಷಿನಲ್ಲಿ ಇಟ್ಟಿದ್ದರೆ ಇಂಗ್ಲಿಷಿನಲ್ಲೇ ಬರೆಯಿರಿ.

4. ಎಣಿಕೆ ಜಾಸ್ತಿ ಬಂದರೆ ಗುಂಪುಗಳನ್ನು ತೆಗೆಯಿರಿ

ಮಾಳಿಗೆಯಲ್ಲಿ ಮೂರು ಬಲ್ಬ್ ಇವೆ ಅಂತಿಟ್ಟುಕೊಳ್ಳಿ. ಮೂರನ್ನೂ ಸೇರಿಸಿ 'ಮಾಳಿಗೆ ದೀಪಗಳು' ಎಂಬ ಲೈಟ್ ಗ್ರೂಪ್ ಮಾಡಿದ್ದೀರಿ. ಆ ಗುಂಪು ಕೂಡ ಲೈಟ್ ಜಾತಿಯ ಎಂಟಿಟಿಯೇ. ಹಾಗಾಗಿ ಎಣಿಕೆ ನಾಲ್ಕು ಬರುತ್ತದೆ.

ಹೋಮ್ ಅಸಿಸ್ಟೆಂಟ್‌ನಲ್ಲೇ ಮಾಡಿದ ಗುಂಪಿಗೆ ಒಂದು ಗುರುತಿದೆ. ಅದರ ಅಟ್ರಿಬ್ಯೂಟ್‌ಗಳಲ್ಲಿ 'ಎಂಟಿಟಿ_ಐಡಿ' ಎಂಬ ಹೆಸರಿನಲ್ಲಿ ಸದಸ್ಯರ ಪಟ್ಟಿ ಇರುತ್ತದೆ. ಒಂಟಿ ಬಲ್ಬ್‌ಗೆ ಅದು ಇರುವುದಿಲ್ಲ. ಆದ್ದರಿಂದ ಈ ತುಂಡು ಸೇರಿಸಿ:

ರಿಜೆಕ್ಟ್‌ಆಟ್ರ್('ಆಟ್ರಿಬ್ಯೂಟ್ಸ್.ಎಂಟಿಟಿ_ಐಡಿ', 'ಡಿಫೈನ್ಡ್')

ಡಿಫೈನ್ಡ್ ಅಂದರೆ 'ಆ ವಿವರ ಇದ್ದರೆ' ಎಂಬ ಅರ್ಥ. ಝಿಗ್ಬೀ ಬ್ರಿಡ್ಜ್‌ನಂಥ (ಝಿಗ್ಬೀ ವೈರ್‌ಲೆಸ್ ಬಲ್ಬ್‌ಗಳನ್ನು ಜೋಡಿಸುವ ಸಾಧನ) ಹೊರಗಿನ ಕಡೆ ಮಾಡಿದ ಗುಂಪುಗಳಲ್ಲಿ ಈ ಗುರುತು ಇಲ್ಲದಿರಬಹುದು. ಸ್ಟೇಟ್ಸ್ ಟ್ಯಾಬ್‌ನಲ್ಲಿ ಆ ಗುಂಪಿನ ಅಟ್ರಿಬ್ಯೂಟ್ ನೋಡಿ. ಬೇರೆ ಗುರುತು ಸಿಕ್ಕರೆ ಅದನ್ನು ಬಳಸಿ. ಏನೂ ಸಿಗದಿದ್ದರೆ 6ನೇ ಹಂತದಂತೆ ಹೆಸರಿನಿಂದ ತೆಗೆಯಿರಿ.

5. ಬೆಳಕಿನ ಮಟ್ಟ ಹೋಲಿಸುವಾಗ ಬರುವ ಎರರ್

ಅರ್ಧಕ್ಕಿಂತ ಜಾಸ್ತಿ ಬೆಳಕಿರುವ ದೀಪ ಬೇಕು ಅಂದುಕೊಳ್ಳಿ. 'ಬ್ರೈಟ್‌ನೆಸ್' ಎಂಬ ಅಟ್ರಿಬ್ಯೂಟ್ ಶೇಕಡಾದಲ್ಲಿ ಇರುವುದಿಲ್ಲ, 0ಯಿಂದ 255ರವರೆಗೆ ಇರುತ್ತದೆ. ಅರ್ಧ ಅಂದರೆ ಸುಮಾರು 128. ಪರದೆ ಮೇಲೆ ಶೇ. 50 ಕಂಡಿತು ಅಂತ 50 ಬರೆದರೆ ಮಂದ ಬೆಳಕಿನ ದೀಪಗಳೂ ನುಗ್ಗುತ್ತವೆ.

ಸೆಲೆಕ್ಟ್‌ಆಟ್ರ್('ಆಟ್ರಿಬ್ಯೂಟ್ಸ್.ಬ್ರೈಟ್‌ನೆಸ್', 'ಜಿಟಿ', 128) ಅಂತ ನೇರ ಹಾಕಿದರೆ 'ನನ್‌ಟೈಪ್' (ಖಾಲಿ ಬೆಲೆ) ಮತ್ತು 'ಇಂಟ್' (ಅಂಕಿ) ಹೋಲಿಸಲಾಗದು ಎಂಬ ಎರರ್ ಬರಬಹುದು. ಕಾರಣ, ಆರಿರುವ ದೀಪದಲ್ಲಿ ಆ ವಿವರ ಇದ್ದರೂ ಬೆಲೆ ಖಾಲಿ, ಅಂದರೆ 'ನನ್'. ಮಂದ ಮಾಡಲು ಬರದ, ಬರೀ ಆನ್-ಆಫ್ ಇರುವ ದೀಪದಲ್ಲಿ ಆ ವಿವರವೇ ಇಲ್ಲ. 1ನೇ ಹಂತದಲ್ಲಿ ಸ್ವಿಚ್‌ನಿಂದ ಲೈಟ್ ಮಾಡಿದ್ದೆಲ್ಲ ಈ ಬಗೆಯದೇ.

'ಡಿಫೈನ್ಡ್' ಇಲ್ಲಿ ಸಾಲದು. 'ನನ್' ಇದ್ದರೂ ಅದು ದಾಟಿಸಿಬಿಡುತ್ತದೆ. ಅದರ ಬದಲು 'ನಂಬರ್' ಪರೀಕ್ಷೆ ಹಾಕಿ:

ಸೆಲೆಕ್ಟ್‌ಆಟ್ರ್('ಆಟ್ರಿಬ್ಯೂಟ್ಸ್.ಬ್ರೈಟ್‌ನೆಸ್', 'ನಂಬರ್') | ಸೆಲೆಕ್ಟ್‌ಆಟ್ರ್('ಆಟ್ರಿಬ್ಯೂಟ್ಸ್.ಬ್ರೈಟ್‌ನೆಸ್', 'ಜಿಟಿ', 128)

ಅಂಕಿ ಇರುವವು ಮಾತ್ರ ಮೊದಲ ತುಂಡನ್ನು ದಾಟುತ್ತವೆ, ಆಮೇಲೆ ಹೋಲಿಕೆ. ತೊಗರಿ ಹಸನು ಮಾಡುವಾಗ ಮೊದಲು ದೊಡ್ಡ ಕಣ್ಣಿನ ಜರಡಿ, ಆಮೇಲೆ ಸಣ್ಣ ಕಣ್ಣಿನದು ಹಿಡಿಯುತ್ತಾರಲ್ಲ, ಇಲ್ಲೂ ಕ್ರಮ ಮುಖ್ಯ.

6. ದೇವರ ಕೋಣೆಯ ದೀಪ ಹೊರಗಿಡುವುದು

ರಿಜೆಕ್ಟ್‌ಆಟ್ರ್('ಎಂಟಿಟಿ_ಐಡಿ', 'ಇನ್', ['ಲೈಟ್.ದೇವರ_ಕೋಣೆ', 'ಲೈಟ್.ಅಂಗಳ'])

ಇದನ್ನು ಮ್ಯಾಪ್‌ಗಿಂತ ಮುಂಚೆ ಹಾಕಿ. 'ಇನ್' ಅಂದರೆ 'ಈ ಪಟ್ಟಿಯಲ್ಲಿ ಇದ್ದರೆ'. ಚೌಕ ಆವರಣ ಬಹಳ ಮುಖ್ಯ. ಒಂದೇ ದೀಪ ಹೊರಗಿಡುವಾಗ ಅನೇಕರು ಚೌಕ ಆವರಣ ಬಿಟ್ಟು ಬರೀ ಪಠ್ಯ ಬರೆಯುತ್ತಾರೆ. ಆಗ 'ಪಟ್ಟಿಯಲ್ಲಿ ಇದೆಯಾ' ಎಂಬುದು 'ಆ ಅಕ್ಷರಗಳ ಸಾಲಿನಲ್ಲಿ ತುಂಡಾಗಿ ಇದೆಯಾ' ಎಂದಾಗುತ್ತದೆ. ಉದಾಹರಣೆಗೆ ಲೈಟ್.ಅಂಗಳ_2 ಒಂದನ್ನೇ ಹೊರಗಿಡಲು ಹೋದರೆ ಲೈಟ್.ಅಂಗಳ ಕೂಡ ಹೊರಗೆ ಹೋಗುತ್ತದೆ, ಏಕೆಂದರೆ ಅದರ ಹೆಸರು ಇದರೊಳಗೆ ಅಡಗಿದೆ. ದುಂಡು ಆವರಣ ಹಾಕಿದರೂ ಒಂದೇ ಹೆಸರಿದ್ದಾಗ ಅದು ಪಠ್ಯವೇ.

ದೀಪಕ್ಕೆ ಕನ್ನಡದಲ್ಲಿ ಹೆಸರಿಡಬಹುದು, ಆದರೆ ಎಂಟಿಟಿ ಐಡಿ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ. ಐಡಿಯನ್ನು ಊಹಿಸಿ ಬರೆಯಬೇಡಿ, 1ನೇ ಹಂತದ ಉತ್ತರದಿಂದ ಕಾಪಿ ಮಾಡಿ.

ಹೊರಗಿಡುವ ದೀಪಗಳು ಆಗಾಗ ಬದಲಾಗುತ್ತವೆ ಅಂದರೆ 'ರಾತ್ರಿ ಇರಲಿ' ಎಂಬಂಥ ಒಂದು ಲೇಬಲ್ ಮಾಡಿ ಅವುಗಳಿಗೆ ಹಚ್ಚಿ. ಚೌಕ ಆವರಣದ ಜಾಗದಲ್ಲಿ ಲೇಬಲ್_ಎಂಟಿಟೀಸ್('ರಾತ್ರಿ ಇರಲಿ') ಬರೆಯಿರಿ. ಮುಂದೆ ಟೆಂಪ್ಲೇಟ್ ಮುಟ್ಟದೆ, ಲೇಬಲ್ ಹಚ್ಚಿ ತೆಗೆದು ಕೆಲಸ ಸಾಗುತ್ತದೆ. ಮನೆಯಲ್ಲಿ ಬೇರೆಯವರೂ ಇದನ್ನು ನೋಡಿಕೊಳ್ಳಬೇಕಾದರೆ ಇದೇ ಸರಿಯಾದ ದಾರಿ.

7. ಲೂಪ್ ಬಳಸಿದ್ದರೆ

ಫಿಲ್ಟರ್ ಬದಲು ಫಾರ್ ಲೂಪ್‌ನಲ್ಲಿ, ಅಂದರೆ ಒಂದೊಂದೇ ದೀಪಕ್ಕೆ ಅದೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಕೋಡ್‌ನಲ್ಲಿ, ಎಣಿಸಿದವರಿಗೆ ಉತ್ತರ ಯಾವಾಗಲೂ 0 ಬರುತ್ತದೆ. ಲೂಪ್ ಒಳಗೆ ಬದಲಿಸಿದ ವೇರಿಯಬಲ್ ಹೊರಗೆ ಬಂದ ಕೂಡಲೇ ಹಳೆಯ ಬೆಲೆಗೆ ಮರಳುವುದು ಜಿಂಜಾದ ನಿಯಮ. 'ನೇಮ್‌ಸ್ಪೇಸ್' ಬಳಸಿದರೆ ಬೆಲೆ ಉಳಿಯುತ್ತದೆ. ಆದರೆ ಮೇಲಿನ ಹಂತಗಳು ಗೊತ್ತಿದ್ದರೆ ದೀಪಗಳಿಗೆ ಲೂಪ್ ಬೇಕಾಗುವುದೇ ಅಪರೂಪ.

8. ಆಟೊಮೇಷನ್‌ಗೆ ಸಾಗಿಸುವಾಗ

ಟೆಂಪ್ಲೇಟ್ ಟ್ಯಾಬ್‌ನಲ್ಲಿ ಸರಿ ಬಂದದ್ದು ಆಟೊಮೇಷನ್‌ನಲ್ಲಿ, ಅಂದರೆ ತಾನಾಗಿ ನಡೆಯುವಂತೆ ಬರೆದಿಟ್ಟ ಕೆಲಸದಲ್ಲಿ, ಕೆಡುವುದುಂಟು. ಮೊದಲ ಕಾರಣ ಕೊಟೇಶನ್. ಆಟೊಮೇಷನ್ ಬರೆದಿಡುವ ಯಾಮಲ್ ಎಂಬ ಪಠ್ಯ ಫೈಲ್‌ನಲ್ಲಿ ಇಡೀ ಸಾಲಿಗೆ ಹೊರಗೆ ಜೋಡಿ ಕೊಟೇಶನ್, ಒಳಗೆ ಒಂಟಿ ಕೊಟೇಶನ್ ಇರಬೇಕು. ಎರಡೂ ಒಂದೇ ಆದರೆ ಸಾಲು ನಡುವೆಯೇ ಮುರಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೋಡ್ ಕಾಪಿ ಮಾಡಿದ್ದರೆ ಬಾಗಿದ ಕೊಟೇಶನ್ ಸೇರಿಕೊಂಡಿದೆಯಾ ನೋಡಿ, ಅಳಿಸಿ ಕೀಬೋರ್ಡ್‌ನಿಂದ ನೇರ ಕೊಟೇಶನ್ ಹಾಕಿ.

ಲಿಸ್ಟ್ ಅನ್ನು 'ಲೈಟ್ ಟರ್ನ್ ಆಫ್' ಆ್ಯಕ್ಷನ್‌ನ ಟಾರ್ಗೆಟ್ ಕೆಳಗಿನ ಎಂಟಿಟಿ ಐಡಿಯಲ್ಲಿ ಇಡಿ. 2024.8ಕ್ಕಿಂತ ಹಳೆಯ ಬರಹಗಳಲ್ಲಿ ಆ್ಯಕ್ಷನ್‌ಗೆ 'ಸರ್ವಿಸ್' ಅಂತ ಇರುತ್ತದೆ, ಎರಡೂ ಒಂದೇ. ಅದಕ್ಕೂ ಮುಂಚೆ ಒಂದು ಕಂಡಿಷನ್ ಇರಲಿ: ಎಣಿಕೆ 0ಗಿಂತ ಜಾಸ್ತಿ ಇದ್ದರೆ ಮಾತ್ರ ಮುಂದೆ ಹೋಗು.

ಹೊತ್ತಿರುವ ದೀಪಗಳ ಹೆಸರನ್ನು ಸೆನ್ಸರ್ ಆಗಿ ಮಾಡುವವರು ಗಮನಿಸಿ. ಒಂದು ಸ್ಟೇಟ್‌ನಲ್ಲಿ 255 ಅಕ್ಷರಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ನಾಲ್ಕೈದು ದೀಪ ಇದ್ದಾಗ ಸರಿ ಇದ್ದ ಸೆನ್ಸರ್ ಹಬ್ಬದ ದಿನ ಎಲ್ಲ ದೀಪ ಹೊತ್ತಿಸಿದಾಗ ಕೈಕೊಡುವುದು ಇದಕ್ಕೇ. ಸ್ಟೇಟ್‌ನಲ್ಲಿ ಎಣಿಕೆ ಇಡಿ, ಹೆಸರುಗಳ ಲಿಸ್ಟ್ ಅಟ್ರಿಬ್ಯೂಟ್‌ನಲ್ಲಿ ಇಡಿ. 'ಸ್ಟೇಟ್ಸ್.ಲೈಟ್' ಬದಲು ಬರೀ 'ಸ್ಟೇಟ್ಸ್' ಅಂತ ಶುರು ಮಾಡಿದ್ದರೆ ಆ ಸೆನ್ಸರ್ ನಿಮಿಷಕ್ಕೆ ಒಂದು ಸಲ ಮಾತ್ರ ಹೊಸದಾಗುತ್ತದೆ. ಡೊಮೇನ್ ಸೇರಿಸಿದರೆ ಸೆಕೆಂಡಿಗೆ ಒಂದು ಸಲ.

ಇನ್ನು ಕರೆಂಟ್ ವಿಷಯ. ಅನೇಕ ಮನೆಗಳಲ್ಲಿ ಇನ್ವರ್ಟರ್ ಲೈನ್ ಎಲ್ಲ ಕೋಣೆಗೂ ಇರುವುದಿಲ್ಲ. ಕರೆಂಟ್ ಹೋದಾಗ ಆ ಕೋಣೆಗಳ ಬಲ್ಬ್‌ಗಳು 'ಅನ್‌ಅವೈಲಬಲ್' ಎಂಬ ಸ್ಥಿತಿಗೆ ಹೋಗುತ್ತವೆ. ಗೋಡೆಯ ಸ್ವಿಚ್ ಆಫ್ ಮಾಡಿದರೂ ಅಷ್ಟೇ. ಶಹಾಬಾದ್ ಕಲ್ಲಿನ ದಪ್ಪ ಗೋಡೆಯ ಹಳೆ ಮನೆಯಾದರೆ ಸಿಗ್ನಲ್ ಸಿಗದೆಯೂ ಹಾಗಾಗುತ್ತದೆ. ಅವು ಆನ್ ಲಿಸ್ಟ್‌ನಲ್ಲೂ ಇರುವುದಿಲ್ಲ, ಆಫ್ ಲಿಸ್ಟ್‌ನಲ್ಲೂ ಇರುವುದಿಲ್ಲ. 'ಆಫ್ ಅಲ್ಲದ್ದೆಲ್ಲ ಆನ್' ಅಂತ ರಿಜೆಕ್ಟ್‌ಆಟ್ರ್ ಬಳಸಿದ್ದರೆ ಮಾತ್ರ ಇವೂ ಲೆಕ್ಕಕ್ಕೆ ಸೇರಿ ಎಣಿಕೆ ಕೆಡುತ್ತದೆ. ಯಾವ ದೀಪಗಳು ಹೀಗಾಗಿವೆ ಅಂತ ನೋಡಲು 2ನೇ ಹಂತದ ಸಾಲಿನಲ್ಲಿ 'ಆನ್' ಬದಲು 'ಅನ್‌ಅವೈಲಬಲ್' ಹಾಕಿ.

ಕರೆಂಟ್ ಬಂದ ಕೂಡಲೇ ಲಿಸ್ಟ್ ಮಾಡಬೇಡಿ. ಬಲ್ಬ್‌ಗಳು ನೆಟ್‌ವರ್ಕ್‌ಗೆ ಮರಳಲು ಸಮಯ ಹಿಡಿಯುತ್ತದೆ, ರೂಟರ್ ಕೂಡ ಆರಿ ಹೊತ್ತಿದ್ದರೆ ಇನ್ನೂ ಜಾಸ್ತಿ. ಆಟೊಮೇಷನ್‌ನಲ್ಲಿ ಎರಡು ಮೂರು ನಿಮಿಷದ 'ಡಿಲೇ' ಹಾಕಿ, ಅದರ ನಂತರದ ಆ್ಯಕ್ಷನ್ ಒಳಗೇ ಟೆಂಪ್ಲೇಟ್ ಇಡಿ. ಮೇಲೆ ವೇರಿಯಬಲ್ಸ್ ಭಾಗದಲ್ಲಿ ಇಟ್ಟರೆ ಡಿಲೇಗಿಂತ ಮುಂಚಿನ ಹಳೆಯ ಲಿಸ್ಟ್ ಬಳಕೆಯಾಗುತ್ತದೆ. ಎಣಿಕೆಯ ಕಂಡಿಷನ್ ಕೂಡ ಡಿಲೇ ಆದ ಮೇಲೆಯೇ ಇರಲಿ. ಹೋಮ್ ಅಸಿಸ್ಟೆಂಟ್ ಓಡುವ ಪೆಟ್ಟಿಗೆಯನ್ನೂ ರೂಟರನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ಡಿಲೇ ನಡೆಯುವಾಗ ಆ ಪೆಟ್ಟಿಗೆಯೇ ರೀಸ್ಟಾರ್ಟ್ ಆದರೆ ಅರ್ಧಕ್ಕೆ ನಿಂತ ಆಟೊಮೇಷನ್ ಮತ್ತೆ ಮುಂದುವರಿಯುವುದಿಲ್ಲ.